ಮನೆಯಲ್ಲಿರುವ ವೃದ್ಧರಿಗೆ ಒಡನಾಟ ಮತ್ತು ದಿನನಿತ್ಯದ ನೆರವು

ಮಾನವನ ಆಯುಷ್ಯವನ್ನು ಬಾಲ್ಯ, ಯೌವನ, ವಾರ್ಧಕ್ಯ ಎಂದು ಮೂರು ಭಾಗವಾಗಿ ಎಣಿಸುವುದು ವಾಡಿಕೆ. ಮೊದಲನೆಯ ಭಾಗಕ್ಕೆ ತಾಯಿಯ ಮಡಿಲೂ ಶಾಲೆಯೂ ಉಂಟು. ಎರಡನೆಯದಕ್ಕೆ ಉದ್ಯೋಗವೂ ಸಂಸಾರವೂ ಉಂಟು. ಮೂರನೆಯದಕ್ಕೆ ಒಳ್ಳೆಯ ವೈದ್ಯರೊಬ್ಬರಿದ್ದರೆ ಸಾಕೆಂಬ ಭಾವನೆ ನಗರವಾಸಿಗಳಲ್ಲಿ ಬೇರೂರಿದೆ. ವೈದ್ಯರ ಅವಶ್ಯಕತೆಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ತಿಂಗಳಿಗೊಮ್ಮೆ ವೈದ್ಯರ ಮುಂದೆ ಕುಳಿತುಕೊಳ್ಳುವ ಸ್ವಲ್ಪ ಸಮಯವನ್ನು ಬಿಟ್ಟರೆ ಉಳಿದ ದಿನಗಳನ್ನೆಲ್ಲ ವೃದ್ಧರು ಕಳೆಯುವುದು ತಮ್ಮ ಮನೆಯಲ್ಲಿಯೇ. ಹಾಲಿನವನಿಗೆ ಬಾಗಿಲು ತೆರೆಯುವುದು, ಒಲೆ ಹಚ್ಚುವುದು, ಮೆಟ್ಟಿಲಿಳಿಯುವುದು, ಬ್ಯಾಂಕಿನಿಂದ ಬಂದ ಕಾಗದವನ್ನು ಓದುವುದು, ಸಂಜೆ ಯಾರೊಡನಾದರೂ ನಾಲ್ಕು ಮಾತಾಡುವುದು ಇವೆಲ್ಲ ಯಾವ ಔಷಧದ ಚೀಟಿಯಲ್ಲಿಯೂ ಬರೆಯಲಾಗದ ಅಗತ್ಯಗಳು. ಇವು ನೆರವೇರದೆ ಹೋದಾಗಲೇ ವೃದ್ಧರ ಸ್ವತಂತ್ರ ಜೀವನವು ಕುಸಿಯತೊಡಗುತ್ತದೆ. ಆದುದರಿಂದ ವೈದ್ಯೋಪಚಾರಕ್ಕೆ ಹೊರತಾದ ಈ ನೆರವೇನು, ಅದನ್ನು ಹೇಗೆ ನೀಡಬೇಕು, ಪುಣೆಯಂತಹ ನಗರದಲ್ಲಿ ಕನ್ನಡಿಗರು ಈ ದಿಸೆಯಲ್ಲಿ ಏನು ಮಾಡಬಹುದು ಎಂಬುದನ್ನು ವಿವೇಚಿಸುವುದು ಉಚಿತವಾಗಿದೆ.

ಪುಣೆಯ ಕನ್ನಡ ಹಿರಿಯರು

ಪುಣೆಗೆ ‘ಪೆನ್ಷನರರ ಸ್ವರ್ಗ’ವೆಂಬ ಹೆಸರು ಬಹಳ ಹಿಂದಿನಿಂದಲೂ ಇತ್ತು. ಹಿತವಾದ ಹವೆ, ಶಾಂತವಾದ ಪೇಠೆಗಳು, ನಡೆದು ಹೋಗುವಷ್ಟು ದೂರದಲ್ಲಿ ಎಲ್ಲ ಅನುಕೂಲಗಳು ಇದಕ್ಕೆ ಕಾರಣ. ೧೯೫೬ರ ನವೆಂಬರ್ ೧ರಂದು ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳು ಮುಂಬಯಿ ಪ್ರಾಂತಕ್ಕೇ ಸೇರಿದ್ದುದರಿಂದ ವಿದ್ಯಾಭ್ಯಾಸಕ್ಕಾಗಿಯೂ ನೌಕರಿಗಾಗಿಯೂ ಅಲ್ಲಿಯವರು ಪುಣೆಗೆ ಬರುವುದು ಸಹಜವಾಗಿತ್ತು. ವರಕವಿ ಬೇಂದ್ರೆಯವರು ೧೯೧೮ರಲ್ಲಿ ಪದವಿ ಪಡೆದುದು ಇಲ್ಲಿನ ಫರ್ಗ್ಯುಸನ್ ಕಾಲೇಜಿನಿಂದಲೇ. ದಕ್ಷಿಣ ಕನ್ನಡ, ಉಡುಪಿಗಳ ಕಡೆಯಿಂದ ಹೋಟೆಲ್ ಉದ್ಯಮಿಗಳೂ ಅವರ ಬೆನ್ನಿಗೆ ಕೆಲಸಗಾರರೂ ಬಂದರು. ೧೯೫೪ರಲ್ಲಿ ಪಿಂಪರಿಯಲ್ಲಿ ಹಿಂದೂಸ್ಥಾನ್ ಆಂಟಿಬಯೋಟಿಕ್ಸ್ ಕಾರ್ಖಾನೆ ಸ್ಥಾಪನೆಯಾದ ಮೇಲೆ ಆ ಭಾಗದಲ್ಲಿ ಕಾರ್ಖಾನೆಗಳು ಬೆಳೆದು ಇನ್ನಷ್ಟು ಮಂದಿ ನೆಲೆಸಿದರು. ಹೀಗೆ ಬಂದು ದುಡಿದು ಮನೆ ಮಾಡಿಕೊಂಡವರೇ ಈಗ ಹಿರಿಯರಾಗಿದ್ದಾರೆ.

ಇವರಲ್ಲಿ ಸ್ಥೂಲವಾಗಿ ಎರಡು ವರ್ಗಗಳನ್ನು ಕಾಣಬಹುದು. ಐವತ್ತು ವರ್ಷಗಳಿಂದ ಇಲ್ಲಿಯೇ ಇದ್ದು ಮರಾಠಿಯನ್ನು ನಿರರ್ಗಳವಾಗಿ ಆಡುವವರು ಮೊದಲನೆಯ ವರ್ಗದವರು. ಇವರ ಮಕ್ಕಳು ಅಮೆರಿಕಕ್ಕೋ ಬೆಂಗಳೂರಿಗೋ ಹೋಗಿರುತ್ತಾರೆ. ಮನೆಯಲ್ಲಿ ಗಂಡಹೆಂಡಿರಿಬ್ಬರೇ, ಕೆಲವೊಮ್ಮೆ ಒಬ್ಬರೇ. ಎರಡನೆಯ ವರ್ಗದವರು ಮಗನಿಗೋ ಮಗಳಿಗೋ ಹಿಂಜವಡಿಯ ಕಂಪ್ಯೂಟರ್ ಕಂಪನಿಗಳಲ್ಲಿ ಕೆಲಸ ದೊರೆತುದರಿಂದ ಇಳಿವಯಸ್ಸಿನಲ್ಲಿ ಊರು ಬಿಟ್ಟು ಬಂದವರು. ಇವರು ಒಂಟಿಯಲ್ಲವೆಂದು ಲೋಕ ತಿಳಿಯುತ್ತದೆ. ಆದರೆ ಬೆಳಿಗ್ಗೆ ಎಂಟಕ್ಕೆ ಮನೆಯವರೆಲ್ಲ ಹೊರಟ ಮೇಲೆ ಹನ್ನೊಂದನೆಯ ಅಂತಸ್ತಿನ ಮನೆಯಲ್ಲಿ ರಾತ್ರಿಯವರೆಗೆ ಉಳಿಯುವವರು ಇವರೊಬ್ಬರೇ. ವಾಚ್‌ಮನ್‌ನ ಭಾಷೆ ಇವರಿಗೆ ಬಾರದು, ಇವರ ಭಾಷೆ ನೆರೆಮನೆಗೆ ತಿಳಿಯದು. ಹುಬ್ಬಳ್ಳಿಯಲ್ಲಿಯೋ ಕುಂದಾಪುರದಲ್ಲಿಯೋ ಬೀದಿಯವರನ್ನೆಲ್ಲ ಹೆಸರು ಹಿಡಿದು ಕರೆಯುತ್ತಿದ್ದ ಹಿರಿಯರಿಗೆ ಇಲ್ಲಿ ದಿನವಿಡೀ ಬಾಯಿ ತೆರೆಯುವ ಸಂದರ್ಭವೇ ಒದಗುವುದಿಲ್ಲ.

೨೦೧೧ರ ಜನಗಣತಿಯಲ್ಲಿ ಭಾರತದಲ್ಲಿ ಅರವತ್ತು ವರ್ಷ ಮೀರಿದವರ ಸಂಖ್ಯೆ ಸುಮಾರು ೧೦ ಕೋಟಿ ೩೮ ಲಕ್ಷವೆಂದು ಕಂಡುಬಂದಿತು. ೨೦೧೭-೧೮ರಲ್ಲಿ ನಡೆದ ವಾರ್ಧಕ್ಯದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಇವರಲ್ಲಿ ನೂರಕ್ಕೆ ಸುಮಾರು ಆರು ಮಂದಿ ಒಂಟಿಯಾಗಿ ವಾಸಿಸುವವರು. ಹಗಲು ಮಾತ್ರ ಒಂಟಿಯಾಗಿರುವವರು ಈ ಲೆಕ್ಕಕ್ಕೆ ಸಿಕ್ಕುವುದಿಲ್ಲ.

ಒಂಟಿತನವೂ ಆರೋಗ್ಯವೂ

ಒಂಟಿತನವು ಮನಸ್ಸಿನ ಬೇಸರ ಮಾತ್ರವೆಂದು ತಿಳಿಯುವುದು ತಪ್ಪು. ಅದು ಮೈಗೂ ತಟ್ಟುತ್ತದೆ. ೨೦೧೦ರಲ್ಲಿ ಅಮೆರಿಕದ ಸಂಶೋಧಕಿ ಜೂಲಿಯಾನ್ ಹೋಲ್ಟ್-ಲನ್‌ಸ್ಟಾಡ್ ಮತ್ತು ಸಂಗಡಿಗರು ೧೪೮ ಅಧ್ಯಯನಗಳನ್ನು, ಮೂರು ಲಕ್ಷಕ್ಕೂ ಮಿಕ್ಕ ಜನರ ವಿವರಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದರು. ಗಟ್ಟಿಯಾದ ಸ್ನೇಹಸಂಬಂಧಗಳುಳ್ಳವರು ಬದುಕಿ ಉಳಿಯುವ ಸಂಭವ ಇತರರಿಗಿಂತ ಶೇಕಡಾ ೫೦ರಷ್ಟು ಹೆಚ್ಚೆಂದು ಅವರಿಗೆ ಕಂಡಿತು. ೨೦೨೪ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯ ತಜ್ಞರ ಆಯೋಗವು ಮರೆವಿನ ಕಾಯಿಲೆಗೆ ಕಾರಣವಾಗುವ, ಆದರೆ ತಡೆಯಬಹುದಾದ ಹದಿನಾಲ್ಕು ಅಂಶಗಳನ್ನು ಪಟ್ಟಿ ಮಾಡಿತು. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಸಾಲಿನಲ್ಲಿಯೇ ಕಿವುಡು, ದೃಷ್ಟಿಮಾಂದ್ಯ ಹಾಗೂ ಜನಸಂಪರ್ಕವಿಲ್ಲದಿರುವುದು ಇವೂ ಸೇರಿವೆ. ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವೊಂದು ೨೦೨೫ರಲ್ಲಿ ನೀಡಿದ ವರದಿಯಂತೆ ಜಗತ್ತಿನ ಆರು ಜನರಲ್ಲಿ ಒಬ್ಬರು ಒಂಟಿತನದಿಂದ ಬಾಧಿತರು.

ಇದು ಹೇಗೆ ಸಂಭವಿಸುತ್ತದೆ ಎಂಬುದನ್ನು ಮನೆಯ ಅನುಭವದಿಂದಲೇ ಊಹಿಸಬಹುದು. ಒಬ್ಬರಿಗಾಗಿ ಅಡಿಗೆ ಮಾಡುವ ಉತ್ಸಾಹ ಕುಗ್ಗಿ ಚಹಾ, ಬಿಸ್ಕತ್ತಿನಲ್ಲಿ ಒಪ್ಪತ್ತು ಕಳೆಯುತ್ತದೆ. ಸರಿಯಾದ ಆಹಾರವಿಲ್ಲದೆ ಸ್ನಾಯುಗಳು ಸೊರಗುತ್ತವೆ. ಕಾಲಲ್ಲಿ ಬಲವಿಲ್ಲದೆ ಹೊರಗೆ ಹೋಗಲು ಅಂಜಿಕೆ. ಹೊರಗೆ ಹೋಗದೆ ಕಾಲು ಮತ್ತಷ್ಟು ದುರ್ಬಲ. ಒಮ್ಮೆ ಬಚ್ಚಲಲ್ಲಿ ಜಾರಿ ಬಿದ್ದರೆ ತೊಡೆಯ ಮೂಳೆ ಮುರಿಯುತ್ತದೆ. ಅಲ್ಲಿಂದ ಮುಂದೆ ಹಾಸಿಗೆಯೇ ಆಸರೆ. ಈ ಸರಪಣಿಯ ಕೊನೆಯ ಕೊಂಡಿ ಮಾತ್ರ ಆಸ್ಪತ್ರೆಯಲ್ಲಿ ಕಾಣುತ್ತದೆ. ಮೊದಲ ಕೊಂಡಿಯನ್ನು ಕಳಚಬಲ್ಲವರು ಜೊತೆಯಲ್ಲಿ ಕುಳಿತು ಉಣ್ಣುವ, ಜೊತೆಯಲ್ಲಿ ನಡೆಯುವ ಒಡನಾಡಿಗಳು.

ನೆರವನ್ನು ಅಳೆಯುವ ಬಗೆ

ಯಾರಿಗೆ ಎಷ್ಟು ನೆರವು ಬೇಕೆಂಬುದನ್ನು ಅಂದಾಜಿನಿಂದ ನಿರ್ಧರಿಸುವುದು ಸರಿಯಲ್ಲ. ಇದಕ್ಕಾಗಿ ಎರಡು ಸರಳವಾದ ಪಟ್ಟಿಗಳು ಬಳಕೆಯಲ್ಲಿವೆ. ಅಮೆರಿಕದ ವೈದ್ಯ ಸಿಡ್ನಿ ಕಾಟ್ಜ್ ಮತ್ತು ಸಂಗಡಿಗರು ೧೯೬೩ರಲ್ಲಿ ಪ್ರಕಟಿಸಿದ ಮೊದಲನೆಯ ಪಟ್ಟಿಯಲ್ಲಿ ಆರು ಕ್ರಿಯೆಗಳಿವೆ: ಸ್ನಾನ, ಉಡುವುದು, ಶೌಚಕ್ಕೆ ಹೋಗಿಬರುವುದು, ಹಾಸಿಗೆಯಿಂದ ಎದ್ದು ಕುರ್ಚಿಗೆ ಬರುವುದು, ಮಲಮೂತ್ರಗಳ ಹತೋಟಿ, ಉಣ್ಣುವುದು. ೧೯೬೯ರಲ್ಲಿ ಲಾಟನ್ ಮತ್ತು ಬ್ರೋಡಿ ಎಂಬುವರು ಸಿದ್ಧಪಡಿಸಿದ ಎರಡನೆಯ ಪಟ್ಟಿಯಲ್ಲಿ ಎಂಟು ಕ್ರಿಯೆಗಳಿವೆ: ಟೆಲಿಫೋನ್ ಬಳಕೆ, ಅಂಗಡಿಯಿಂದ ಸಾಮಾನು ತರುವುದು, ಅಡಿಗೆ, ಮನೆಗೆಲಸ, ಬಟ್ಟೆ ಒಗೆಯುವುದು, ಪ್ರಯಾಣ, ಔಷಧವನ್ನು ತಾವಾಗಿ ತೆಗೆದುಕೊಳ್ಳುವುದು, ಹಣಕಾಸಿನ ವ್ಯವಹಾರ.

ಮೊದಲ ಆರರಲ್ಲಿ ಬಹುಪಾಲು ಕಳೆದುಕೊಂಡವರಿಗೆ ತರಬೇತಾದ ದಾದಿಯ ಇಲ್ಲವೆ ಆಯಾಳ ಶುಶ್ರೂಷೆ ಬೇಕು. ಆದರೆ ಸಾಮಾನ್ಯವಾಗಿ ಎಡವಟ್ಟು ಆರಂಭವಾಗುವುದು ಎರಡನೆಯ ಪಟ್ಟಿಯಲ್ಲಿ. ವಿದ್ಯುತ್ ಬಿಲ್ಲು ಕಟ್ಟಲು ಮರೆವು, ಒಂದೇ ಮಾತ್ರೆಯನ್ನು ಎರಡು ಸಲ ನುಂಗುವುದು, ಬಸ್ಸು ಹತ್ತಲು ಹಿಂಜರಿಕೆ ಇವು ಮೊದಲ ಸೂಚನೆಗಳು. ಈ ಎಂಟರಲ್ಲಿ ಕುಂದಿದ ಒಂದೆರಡಕ್ಕೆ ಸಕಾಲದಲ್ಲಿ ಕೈಗೂಡಿಸಿದರೆ ಹಿರಿಯರು ಹಲವು ವರ್ಷ ತಮ್ಮ ಮನೆಯಲ್ಲಿಯೇ, ತಮ್ಮ ಇಚ್ಛೆಯಂತೆಯೇ ಬದುಕಬಲ್ಲರು. ಮನೆಯವರು ಆರು ತಿಂಗಳಿಗೊಮ್ಮೆ ಈ ಹದಿನಾಲ್ಕನ್ನೂ ಒಂದು ಕಾಗದದ ಮೇಲೆ ಬರೆದು ‘ತಾವಾಗಿ ಮಾಡುತ್ತಾರೆ’, ‘ನೆರವು ಬೇಕು’, ‘ಆಗದು’ ಎಂದು ಗುರುತು ಹಾಕಿಡುವುದು ಒಳ್ಳೆಯದು.

ಒಡನಾಡಿಯ ಕರ್ತವ್ಯಗಳು

೧. ಜೊತೆಗೂಡಿ ಮಾಡುವುದು. ಒಡನಾಡಿಯು ಹಿರಿಯರ ಬದಲಿಗೆ ಕೆಲಸ ಮಾಡಬಾರದು, ಅವರೊಡನೆ ಮಾಡಬೇಕು. ಕಾಯಿಪಲ್ಲೆಯನ್ನು ತಂದುಕೊಡುವುದು ಸುಲಭ. ಕೈ ಹಿಡಿದು ಮಂಡಿಗೆ ಕರೆದೊಯ್ದು ಬದನೆಕಾಯಿಯನ್ನು ಅವರಿಂದಲೇ ಆರಿಸಿಸುವುದು ಹಿತಕರ. ಎಲ್ಲವನ್ನೂ ಕೈಗೆ ತಂದುಕೊಟ್ಟರೆ ಉಳಿದಿರುವ ಶಕ್ತಿಯೂ ತುಕ್ಕು ಹಿಡಿಯುತ್ತದೆ.

೨. ಆಹಾರ. ಹಲ್ಲಿಲ್ಲದವರಿಗೆ ಜೋಳದ ರೊಟ್ಟಿಯನ್ನು ಬಿಡಿಸಬೇಕಾಗಿಲ್ಲ. ಸಾರಿನಲ್ಲಿ ನೆನೆಸಿ ಕೊಡಬಹುದು. ಕರಾವಳಿಯವರಿಗೆ ಕುಚ್ಚಲಕ್ಕಿ ಗಂಜಿಯೊಡನೆ ಬೇಯಿಸಿದ ಹೆಸರುಕಾಳು ಸೇರಿದರೆ ಒಳ್ಳೆಯ ಪುಷ್ಟಿಯೇ. ವಯಸ್ಸಾದಂತೆ ಬಾಯಾರಿಕೆಯ ಅರಿವು ಕುಂದುವುದರಿಂದ ನೀರನ್ನು ಕೇಳುವವರೆಗೆ ಕಾಯದೆ ಹೊತ್ತುಹೊತ್ತಿಗೆ ನೆನಪಿಸಬೇಕು. ಹೃದಯ, ಮೂತ್ರಪಿಂಡಗಳ ಕಾಯಿಲೆಯುಳ್ಳವರು ಮಾತ್ರ ವೈದ್ಯರು ಹೇಳಿದ ಪ್ರಮಾಣವನ್ನು ಮೀರಬಾರದು.

೩. ನಡಿಗೆ ಮತ್ತು ಬೀಳುವಿಕೆಯ ತಡೆ. ಹಾಸಿಗೆಯಿಂದ ಎದ್ದ ಕೂಡಲೆ ನಡೆಯದೆ ಅಂಚಿನಲ್ಲಿ ಒಂದೆರಡು ನಿಮಿಷ ಕುಳಿತು ಏಳಬೇಕು. ಬಚ್ಚಲಿನ ಗೋಡೆಗೆ ಹಿಡಿಕೆ, ರಾತ್ರಿ ಶೌಚದ ದಾರಿಯಲ್ಲಿ ಚಿಕ್ಕ ದೀಪ, ಜಾರುವ ಕಾಲೊರಸುಗಳ ನಿವಾರಣೆ ಇವು ಅಲ್ಪ ಖರ್ಚಿನ ಏರ್ಪಾಡುಗಳು. ಹಳೆಯ ವಾಡೆಗಳ ಕಡಿದಾದ ಮೆಟ್ಟಿಲುಗಳಲ್ಲಿಯೂ ಮಳೆಗಾಲದ ಪಾಚಿಗಟ್ಟಿದ ಅಂಗಳಗಳಲ್ಲಿಯೂ ಒಬ್ಬರ ತೋಳು ಜೊತೆಗಿರಲೇಬೇಕು.

೪. ಮಾತುಕತೆ. ಪತ್ರಿಕೆ ಓದಿ ಹೇಳುವುದು, ಹಳೆಯ ಪತ್ರಗಳಿಗೆ ಉತ್ತರ ಬರೆಯುವುದು, ಚೌಕಾಬಾರ ಆಡುವುದು, ಪುಣೆಯಲ್ಲಿಯೇ ಬಾಳಿದ ಪಂಡಿತ ಭೀಮಸೇನ ಜೋಶಿಯವರ ದಾಸವಾಣಿಯನ್ನು ಜೊತೆಗೆ ಕುಳಿತು ಕೇಳುವುದು ಎಲ್ಲವೂ ಒಡನಾಟವೇ. ಹೇಳಿದ ಕಥೆಯನ್ನೇ ಮತ್ತೆ ಹೇಳಿದರೆ ‘ಇದನ್ನು ಆಗಲೇ ಹೇಳಿದಿರಿ’ ಎನ್ನದೆ ಕೇಳುವ ತಾಳ್ಮೆಯಿರಬೇಕು.

೫. ಗೌರವ. ಒಂದು ಕಾಲಕ್ಕೆ ಶಾಲೆಯ ಮುಖ್ಯಾಧ್ಯಾಪಕರಾಗಿದ್ದವರನ್ನು ಮಗುವಿನಂತೆ ಏಕವಚನದಲ್ಲಿ ಮುದ್ದಿಸಿ ಮಾತಾಡುವುದು ಪ್ರೀತಿಯಲ್ಲ, ಅವಮಾನ. ಅಜ್ಜ, ಅಜ್ಜಿ, ಕಾಕಾ, ಮಾಮಿ ಯಾವುದಾದರೂ ಸರಿ, ಅವರಿಗೊಪ್ಪುವ ಕರೆಯನ್ನು ಅವರಿಂದಲೇ ಕೇಳಿ ತಿಳಿದು ಬಹುವಚನದಲ್ಲಿ ಮಾತಾಡಿಸಬೇಕು. ಅವರ ಪೆಟ್ಟಿಗೆ, ಕಾಗದಪತ್ರಗಳನ್ನು ಅಪ್ಪಣೆಯಿಲ್ಲದೆ ಮುಟ್ಟಬಾರದು.

೬. ಗಮನಿಸುವುದು. ವಾರಕ್ಕೆರಡು ಬಾರಿ ಬರುವವರ ಕಣ್ಣಿಗೆ ಮನೆಯವರಿಗೆ ಕಾಣದ ಬದಲಾವಣೆ ಕಾಣುತ್ತದೆ. ರವಿಕೆ ಸಡಿಲವಾಗಿದೆಯೇ, ಮಾತ್ರೆಗಳು ಡಬ್ಬಿಯಲ್ಲಿ ಹಾಗೆಯೇ ಉಳಿದಿವೆಯೇ, ಟೆಲಿವಿಷನ್ನಿನ ಸದ್ದು ಹೆಚ್ಚಿದೆಯೇ ಎಂಬುದನ್ನು ನೋಡಿ ಮನೆಯವರಿಗೆ ತಿಳಿಸಬೇಕು. ನಿನ್ನೆಯವರೆಗೆ ಚೆನ್ನಾಗಿದ್ದವರು ಇಂದು ತಬ್ಬಿಬ್ಬಾದರೆ ‘ಅರವತ್ತಕ್ಕೆ ಅರಳುಮರಳು’ ಎಂದು ನಕ್ಕು ಬಿಡಬಾರದು. ಮೂತ್ರದ ಸೋಂಕು, ನಿರ್ಜಲತೆ, ಔಷಧದ ವ್ಯತ್ಯಾಸಗಳಿಂದ ಹೀಗಾಗುವುದುಂಟು. ಬಾಯಿ ಸೊಟ್ಟಗಾಗುವುದು, ಒಂದು ಕೈ ಬಿದ್ದುಹೋಗುವುದು, ಮಾತು ತೊದಲುವುದು ಪಾರ್ಶ್ವವಾಯುವಿನ ಚಿಹ್ನೆಗಳು. ರಕ್ತದ ಹೆಪ್ಪನ್ನು ಕರಗಿಸುವ ಔಷಧವು ನಾಲ್ಕೂವರೆ ಗಂಟೆಗಳೊಳಗೆ ಮಾತ್ರ ಉಪಯುಕ್ತವಾದುದರಿಂದ ಒಡನೆಯೇ ೧೦೮ಕ್ಕೆ ಕರೆಮಾಡಿ ಅಂಬ್ಯುಲೆನ್ಸ್ ತರಿಸಬೇಕು.

ತಾಯ್ನುಡಿಯ ಮಹತ್ವ

ಮೇಲಿನ ಕರ್ತವ್ಯಗಳನ್ನು ಯಾವ ಭಾಷೆಯವರಾದರೂ ನೆರವೇರಿಸಬಲ್ಲರು. ಪುಣೆಯಲ್ಲಿ ಎಷ್ಟೋ ಮಂದಿ ಮರಾಠಿ ಹೆಣ್ಣುಮಕ್ಕಳು ಕನ್ನಡಿಗರ ಮನೆಗಳಲ್ಲಿ ಅಕ್ಕರೆಯಿಂದ ಅವನ್ನು ನೆರವೇರಿಸುತ್ತಿದ್ದಾರೆ. ಆದರೂ ವಲಸೆ ಬಂದವರ ವಾರ್ಧಕ್ಯದಲ್ಲಿ ತಾಯ್ನುಡಿಗೆ ವಿಶೇಷ ಸ್ಥಾನವುಂಟು. ಎರಡು ಮೂರು ಭಾಷೆಗಳನ್ನು ಬಲ್ಲವರಿಗೆ ಮರೆವಿನ ಕಾಯಿಲೆ ತಗಲಿದಾಗ ಅನೇಕರಲ್ಲಿ ಆಮೇಲೆ ಕಲಿತ ಭಾಷೆ ಮೊದಲು ಜಾರಿಹೋಗಿ, ತೊಟ್ಟಿಲಲ್ಲಿ ಕೇಳಿದ ಭಾಷೆ ಕೊನೆಯವರೆಗೆ ಉಳಿಯುವುದನ್ನು ವೈದ್ಯರು ಕಂಡಿದ್ದಾರೆ. ನಲವತ್ತು ವರ್ಷ ಕಾರ್ಖಾನೆಯಲ್ಲಿ ಮರಾಠಿಯಲ್ಲಿಯೇ ವ್ಯವಹರಿಸಿದವರೂ ಎಂಬತ್ತರ ಅಂಚಿನಲ್ಲಿ ‘ನೀರಡಿಕಿ ಆಗೇದ’ ಎಂದೇ ಹೇಳಬಹುದು. ಆ ಮಾತು ತಿಳಿಯದ ಶುಶ್ರೂಷಕಿಯ ಪಾಲಿಗೆ ಅದು ಬರಿಯ ಬಡಬಡಿಕೆ. ತಿಳಿದವರಿಗೆ ಒಂದು ಲೋಟ ನೀರಿನ ವಿಷಯ. ನೋವು ಎಲ್ಲಿದೆ, ಹೇಗಿದೆ ಎಂಬುದನ್ನು ವೈದ್ಯರಿಗೆ ವಿವರಿಸುವಾಗಲೂ ಇದೇ ತೊಡಕು. ‘ಸೆಳೆತ’, ‘ಚಳಕು’, ‘ಉರಿ’ ಎಂಬ ಮಾತುಗಳ ಭೇದವನ್ನು ಅರಿತು ಮರಾಠಿಯಲ್ಲಿ ಹೇಳಬಲ್ಲ ಒಡನಾಡಿ ಜೊತೆಗಿದ್ದರೆ ರೋಗನಿದಾನವೇ ಸುಗಮವಾಗುತ್ತದೆ. ಕನ್ನಡ ಬಾರದ ಆಯಾಳಿಗೆ ಊಟ, ನೀರು, ನೋವು, ಬಚ್ಚಲು, ಚಳಿ ಮುಂತಾದ ಇಪ್ಪತ್ತು ಕನ್ನಡ ಮಾತುಗಳನ್ನು ಮರಾಠಿ ಲಿಪಿಯಲ್ಲಿ ಬರೆದು ಗೋಡೆಗೆ ಅಂಟಿಸುವುದು ಮನೆಯವರು ಇಂದೇ ಮಾಡಬಹುದಾದ ಕೆಲಸ.

ಮೀರಬಾರದ ಎಲ್ಲೆಗಳು

ಒಡನಾಡಿ ವೈದ್ಯನಲ್ಲ. ಮಾತ್ರೆಯ ಹೊತ್ತನ್ನು ನೆನಪಿಸಬಹುದು. ಅದರ ಪ್ರಮಾಣವನ್ನು ಬದಲಿಸಬಾರದು, ತನಗೆ ಗುಣ ಕೊಟ್ಟ ಔಷಧವನ್ನು ಸೂಚಿಸಲೂ ಬಾರದು. ಇಂಜೆಕ್ಷನ್ ಕೊಡುವುದು, ಗಾಯಕ್ಕೆ ಪಟ್ಟಿ ಕಟ್ಟುವುದು, ನಳಿಗೆಗಳನ್ನು ಬದಲಿಸುವುದು ತರಬೇತಾದ ದಾದಿಯರ ಕೆಲಸ.

ಹಣದ ವಿಷಯದಲ್ಲಿ ಎರಡು ಪಕ್ಷಕ್ಕೂ ಎಚ್ಚರ ಅಗತ್ಯ. ಖರ್ಚಿನ ಪೈಪೈಯನ್ನೂ ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿಕೊಂಡರೆ ಸಂಶಯಕ್ಕೆ ಎಡೆಯಿರುವುದಿಲ್ಲ. ಖಾಲಿ ಚೆಕ್ಕಿಗೆ ಸಹಿ ಹಾಕುವುದು, ಬ್ಯಾಂಕಿನ ಗುಪ್ತ ಸಂಖ್ಯೆಯನ್ನು ಹೇಳುವುದು ಸರ್ವಥಾ ಕೂಡದು. ಪೊಲೀಸರೆಂದು ನಂಬಿಸಿ ‘ಡಿಜಿಟಲ್ ಅರೆಸ್ಟ್’ ಆಗಿದೆಯೆಂದು ಬೆದರಿಸಿ ವೃದ್ಧರ ಉಳಿತಾಯವನ್ನು ದೋಚುವ ವಂಚನೆ ಇತ್ತೀಚಿನ ವರ್ಷಗಳಲ್ಲಿ ಹೆಚ್ಚಿದೆ. ಅಂತಹ ಬಂಧನವು ಕಾನೂನಿನಲ್ಲಿ ಇಲ್ಲವೇ ಇಲ್ಲ. ಇಂತಹ ಕರೆ ಬಂದಾಗ ‘ಫೋನಿಡಿ’ ಎನ್ನುವ ಒಬ್ಬರು ಪಕ್ಕದಲ್ಲಿದ್ದರೆ ಅದೇ ದೊಡ್ಡ ರಕ್ಷಣೆ. ಹಣ ಹೋಗಿದ್ದರೆ ೧೯೩೦ ಸಂಖ್ಯೆಗೆ ತಕ್ಷಣ ದೂರು ಕೊಡಬೇಕು.

ಸಂಬಳಕ್ಕೆ ನೇಮಿಸಿಕೊಂಡವರ ಗುರುತನ್ನು ಪೊಲೀಸ್ ಠಾಣೆಯಲ್ಲಿ ಪರಿಶೀಲಿಸಿಕೊಳ್ಳುವುದು ಅವಶ್ಯ. ಅವರಿಗೆ ವಾರದ ರಜೆ, ಸಕಾಲದ ಸಂಬಳ, ಊಟ ವಿಶ್ರಾಂತಿಗಳನ್ನು ಕೊಡುವುದೂ ಅಷ್ಟೇ ಅವಶ್ಯ. ದಣಿದ ಕೈಯಿಂದ ಅಕ್ಕರೆಯ ಸೇವೆ ದೊರೆಯದು. ಇದೇ ಮಾತು ಮನೆಯ ಸೊಸೆಗೂ ಮಗಳಿಗೂ ಅನ್ವಯಿಸುತ್ತದೆ. ವಾರಕ್ಕೆ ಒಂದು ಸಂಜೆಯಾದರೂ ಅವರಿಗೆ ಬಿಡುವು ದೊರೆಯುವಂತೆ ಮಾಡುವುದು ಒಡನಾಡಿಯ ದೊಡ್ಡ ಉಪಕಾರ.

ದೊರೆಯುವ ಸೌಲಭ್ಯಗಳು

ನಿರ್ಗತಿಕ ವೃದ್ಧರಿಗೆ ಆಶ್ರಯ ನೀಡುವ ಸಂಪ್ರದಾಯ ಪುಣೆಗೆ ಹೊಸದಲ್ಲ. ನವಿಪೇಠೆಯ ‘ನಿವಾರಾ’ ಸಂಸ್ಥೆಯ ಮೂಲವು ೧೮೬೩ರಲ್ಲಿ ಡೇವಿಡ್ ಸಸೂನ್ ಅವರ ದಾನದಿಂದ ಆರಂಭವಾದ ಅನಾಥಾಶ್ರಯದಲ್ಲಿದೆ. ಆದರೆ ಸ್ವಂತ ಮನೆಯಲ್ಲಿರುವವರಿಗೆ ನೆರವು ನೀಡುವ ಸಂಸ್ಥೆಗಳು ಈಚಿನವು. ೨೦೦೯ರಲ್ಲಿ ಆರಂಭವಾದ ಮಾಯಾಕೇರ್ ಸಂಸ್ಥೆಯು ವೃದ್ಧರ ಜೊತೆಗೆ ಆಸ್ಪತ್ರೆ, ಬ್ಯಾಂಕುಗಳಿಗೆ ಹೋಗಿಬರುವಂತಹ ನೆರವನ್ನು ನೀಡುತ್ತ ಬಂದಿದೆ. ಅಂಗವಿಕಲರಿಗೆ ಮನೆಯಿಂದಲೇ ಸಂಯೋಜನೆಯ ಕೆಲಸ ಕೊಟ್ಟಿರುವುದು ಅದರ ವಿಶೇಷ. ೨೦೨೨ರಲ್ಲಿ ಮುಂಬಯಿಯಲ್ಲಿ, ರತನ್ ಟಾಟಾ ಅವರು ಬಂಡವಾಳ ಹೂಡಿದ ಗುಡ್‌ಫೆಲೋಸ್ ಎಂಬ ಸಂಸ್ಥೆ ತರುಣ ಪದವೀಧರರನ್ನು ವೃದ್ಧರ ಒಡನಾಟಕ್ಕೆ ಕಳುಹಿಸುವ ಕೆಲಸವನ್ನು ಆರಂಭಿಸಿತು. ಬಡಾವಣೆಗಳಲ್ಲಿರುವ ಜ್ಯೇಷ್ಠ ನಾಗರಿಕ ಸಂಘಗಳೂ ಹಿರಿಯರಿಗೆ ಗೆಳೆತನದ ತಾಣಗಳು.

ಕೇಂದ್ರ ಸರ್ಕಾರದ ‘ಎಲ್ಡರ್‌ಲೈನ್’ ೧೪೫೬೭ ಎಂಬ ಉಚಿತ ದೂರವಾಣಿಯು ೨೦೨೧ರಿಂದ ದೇಶಾದ್ಯಂತ ಕೆಲಸ ಮಾಡುತ್ತಿದೆ. ಎಪ್ಪತ್ತು ಮೀರಿದವರಿಗೆ ಮನೆಬಾಗಿಲಲ್ಲಿ ಬ್ಯಾಂಕ್ ಸೇವೆ ಒದಗಿಸಬೇಕೆಂದು ರಿಸರ್ವ್ ಬ್ಯಾಂಕು ೨೦೧೭ರಲ್ಲಿ ಬ್ಯಾಂಕುಗಳಿಗೆ ಸೂಚಿಸಿತು. ಪೆನ್ಷನ್ ಪಡೆಯುವವರು ನವೆಂಬರದಲ್ಲಿ ಸಲ್ಲಿಸುವ ಜೀವಂತ ಪ್ರಮಾಣಪತ್ರವನ್ನು ಅಂಚೆಯವರು ಮನೆಗೇ ಬಂದು ಮಾಡಿಕೊಡುವ ಸೌಲಭ್ಯ ೨೦೨೦ರಿಂದ ಉಂಟು.

೨೦೦೭ರ ತಂದೆತಾಯಿ ಹಾಗೂ ಹಿರಿಯ ನಾಗರಿಕರ ಪೋಷಣೆಯ ಕಾನೂನಿನಂತೆ, ಅಲಕ್ಷಿತರಾದ ವೃದ್ಧರು ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಿ ಮಕ್ಕಳಿಂದ ಜೀವನಾಂಶ ಪಡೆಯಬಹುದು. ಅನ್ನ, ಬಟ್ಟೆ, ವಸತಿ, ವೈದ್ಯೋಪಚಾರ ಇಷ್ಟನ್ನು ಆ ಕಾನೂನು ‘ಪೋಷಣೆ’ ಎನ್ನುತ್ತದೆ. ದಿನಕ್ಕೆ ಹತ್ತು ನಿಮಿಷ ತಾಯಿಯೊಡನೆ ಕುಳಿತು ಮಾತಾಡಬೇಕೆಂದು ಆಜ್ಞೆ ಮಾಡುವ ಶಕ್ತಿ ಅದಕ್ಕಿಲ್ಲ. ಆ ಕೊರತೆಯನ್ನು ತುಂಬಬೇಕಾದವರು ಮನೆಯವರು ಮತ್ತು ಸಮಾಜ.

ಸಂಘಸಂಸ್ಥೆಗಳು ಮಾಡಬಹುದಾದುದು

ಕೇರಳದಲ್ಲಿ ೨೦೦೧ರ ಸುಮಾರಿಗೆ ಮಲಪ್ಪುರಂ, ಕೋಳಿಕ್ಕೋಡು ಕಡೆಗಳಲ್ಲಿ ನೆರೆಹೊರೆಯ ಸಾಮಾನ್ಯ ಜನರೇ ಅಲ್ಪಕಾಲದ ತರಬೇತಿ ಪಡೆದು ಹಾಸಿಗೆ ಹಿಡಿದವರ ಮನೆಗಳಿಗೆ ಹೋಗುವ ವ್ಯವಸ್ಥೆ ಬೆಳೆಯಿತು. ಜಪಾನಿನಲ್ಲಿ ತೆರುಕೊ ಮಿಜುಶಿಮಾ ಎಂಬ ಮಹಿಳೆ ೧೯೭೩ರಲ್ಲಿ ‘ಸೇವಾ ಶ್ರಮದ ಬ್ಯಾಂಕ್’ ಒಂದನ್ನು ಸ್ಥಾಪಿಸಿದರು. ಇಂದು ಇತರರಿಗಾಗಿ ದುಡಿದ ಗಂಟೆಗಳನ್ನು ಲೆಕ್ಕದಲ್ಲಿಟ್ಟು, ಮುಂದೆ ತಮಗೆ ಬೇಕಾದಾಗ ಅಷ್ಟೇ ಗಂಟೆಗಳ ನೆರವನ್ನು ಪಡೆಯುವುದು ಅದರ ಕ್ರಮ. ಇವೆರಡರಿಂದಲೂ ಪರಊರಿನ ಕನ್ನಡ ಸಂಘಗಳು ಪಾಠ ಕಲಿಯಬಹುದು.

ಮೊದಲಿಗೆ ಬಡಾವಣೆವಾರು ಹಿರಿಯರ ಪಟ್ಟಿಯೊಂದು ಬೇಕು: ಹೆಸರು, ಆಡುವ ಭಾಷೆ, ಹತ್ತಿರದ ಬಂಧು, ವೈದ್ಯರು. ಒಂಟಿಯಾಗಿರುವವರಿಗೆ ಪ್ರತಿದಿನ ಬೆಳಿಗ್ಗೆ ನಿಗದಿಯಾದ ಹೊತ್ತಿಗೆ ಒಂದು ಫೋನ್ ಕರೆ ಹೋಗಬೇಕು; ಉತ್ತರ ಬಾರದಿದ್ದರೆ ಅರ್ಧ ಗಂಟೆಯೊಳಗೆ ಯಾರಾದರೂ ಬಾಗಿಲು ತಟ್ಟಬೇಕು. ರಾತ್ರಿ ಬಿದ್ದವರು ಮರುದಿನ ಸಂಜೆಯವರೆಗೆ ನೆಲದ ಮೇಲೆಯೇ ಉಳಿಯುವ ದುರಂತವನ್ನು ಈ ಒಂದು ಕರೆ ತಪ್ಪಿಸಬಲ್ಲದು. ವಾರಕ್ಕೆ ಒಂದೆರಡು ಗಂಟೆ ಕೊಡಬಲ್ಲವರನ್ನು ಅದೇ ಬಡಾವಣೆಯ ಹಿರಿಯರೊಡನೆ ಜೋಡಿಸಬೇಕು. ಈಗತಾನೆ ನಿವೃತ್ತರಾದ ಅರವತ್ತೆರಡರವರು ಎಂಬತ್ತೆರಡರವರಿಗೆ ಉತ್ತಮ ಒಡನಾಡಿಗಳು; ಅವರಿಗೆ ಬಿಡುವೂ ಉಂಟು, ಹಳೆಯ ನೆನಪುಗಳ ಪರಿಚಯವೂ ಉಂಟು. ಹಿಂಜವಡಿಯ ತರುಣರು ಕಾಗದಪತ್ರ, ಕಂಪ್ಯೂಟರ್ ಸಂಬಂಧದ ಕೆಲಸಗಳಿಗೆ ಒದಗಬಹುದು. ಕನ್ನಡ ಕಲಿಯಬೇಕೆಂದು ತಂದೆತಾಯಿಗಳು ಬಯಸುವ ಮಕ್ಕಳಿಗೆ ಭಾನುವಾರದ ಒಂದು ಗಂಟೆ ಅಜ್ಜಿಯ ಎದುರು ಕುಳಿತುಕೊಳ್ಳುವುದಕ್ಕಿಂತ ಒಳ್ಳೆಯ ಪಾಠಶಾಲೆ ಬೇರೆ ಯಾವುದು?

ಉತ್ಸಾಹದಲ್ಲಿ ಆರಂಭಿಸಿ ಮೂರು ತಿಂಗಳಿಗೆ ಕೈಬಿಡುವ ಕೆಲಸ ಮಾತ್ರ ಇದಾಗಬಾರದು. ಬರುತ್ತೇನೆಂದು ಹೇಳಿ ಬಾರದವರಿಗಾಗಿ ಬಾಗಿಲ ಬಳಿ ಕಾಯುವುದು ವೃದ್ಧರಿಗೆ ಒಂಟಿತನಕ್ಕಿಂತಲೂ ಹೆಚ್ಚಿನ ನೋವು. ಹತ್ತು ಮನೆಗಳನ್ನು ಕೈಗೊಂಡು ನಿಲ್ಲಿಸುವುದಕ್ಕಿಂತ ಎರಡು ಮನೆಗಳನ್ನು ಬಿಡದೆ ನಡೆಸುವುದು ಲೇಸು.

ಹಣ್ಣೆಲೆ ಉದುರುವಾಗ ಚಿಗುರೆಲೆ ನಕ್ಕಿತೆಂಬ ಗಾದೆ ಎಲ್ಲರಿಗೂ ತಿಳಿದುದೇ. ಇಂದು ಊರುಗೋಲು ಹಿಡಿದವರು ಬರಿಗೈಯಲ್ಲಿ ಈ ನಗರಕ್ಕೆ ಬಂದು, ಮನೆ ಕಟ್ಟಿ, ಮಕ್ಕಳನ್ನು ಓದಿಸಿ, ಪರನಾಡಿನಲ್ಲಿ ಕನ್ನಡದ ದೀಪವನ್ನು ಉಳಿಸಿದವರು. ಅವರು ಬಯಸುವುದು ಬಹಳವಲ್ಲ: ಬಾಗಿಲು ತಟ್ಟುವ ಒಂದು ಕೈ, ಮೆಟ್ಟಿಲಿಳಿಯುವಾಗ ಒಂದು ತೋಳು, ತಮ್ಮ ಭಾಷೆಯಲ್ಲಿ ‘ಊಟ ಆಯಿತೇ?’ ಎಂದು ಕೇಳುವ ಒಂದು ದನಿ. ಇಷ್ಟನ್ನು ನಿಯಮಿತವಾಗಿ ಒದಗಿಸಿಕೊಡುವ ಸಮಾಜದಲ್ಲಿ ವಾರ್ಧಕ್ಯವು ಶಾಪವಾಗಲಾರದು.